ಕಣ್ಣು ಬಂದ ವರ್ಷದ ಲಗ್ನ

ನಮ್ಮ ಮನೆತನದಲ್ಲಿ ಹೆಣ್ಣುಮಗಳೊಬ್ಬಳು ಡಿಗ್ರಿ ಮುಗಿಸುವುದು ಆಗದ ಮಾತು ಎಂದು ಹೇಳಿದವನು ನನ್ನ ಅಜ್ಜ, ಅಂದರೆ ಅವ್ವನ ಅಪ್ಪ. ಖಾನಾಪುರದ ಒಂದು ಹಂಚಿನ ಭಟ್ಟಿಯಲ್ಲಿ ಆಳುಗಳ ಮೇಲ್ವಿಚಾರಕ, ಮುಕಾದಮನಾಗಿದ್ದ. ಯಾವ ಹಂಚು ಸರಿಯಾಗಿ ಸುಟ್ಟಿದೆ, ಯಾವುದು ಹಸಿ ಉಳಿದಿದೆ ಎಂದು ಬೆರಳಿನ ಗಿಣ್ಣಿನಿಂದ ಬಡಿದು, ಸಪ್ಪಳದ ಮೇಲೆಯೇ ಹೇಳುತ್ತಿದ್ದ. ಮನುಷ್ಯರ ವಿಷಯದಲ್ಲೂ ಹಾಗೆಯೇ, ಒಂದು ಸಲ ಬಡಿದು ನೋಡಿ ತೀರ್ಪು ಕೊಟ್ಟುಬಿಡುತ್ತಿದ್ದ. ನಾನು ಪದವೀಧರೆಯಾದ ಮೇಲೆ ನೆಂಟರೆಲ್ಲ ಅವನ ಮಾತನ್ನು ನನ್ನ ಹೆಸರಿಗೆ ಅಂಟಿಸಿದರು. ಅಜ್ಜ ಆಗುವುದಿಲ್ಲ ಅಂದಿದ್ದ, ಮೊಮ್ಮಗಳು ಮಾಡಿ ತೋರಿಸಿದಳು ಎಂದರು. ಕೇಳಲಿಕ್ಕೆ ಚೆಂದ. ನನಗೂ ಹೆಮ್ಮೆ ಇದೆ, ಇಲ್ಲವೆಂದರೆ ಸುಳ್ಳಾದೀತು. ಆದರೆ ಅಜ್ಜ ಅದನ್ನು ನನಗೆ ಹೇಳಿರಲಿಲ್ಲ. ಆಗ ನಾನು ಒಂದನೆಯ ಇಯತ್ತೆಯ ಹುಡುಗಿ. ಅವನು ಹೇಳಿದ್ದು ತನ್ನ ಕಿರಿಯ ಮಗಳು ಕಸ್ತೂರಿಗೆ, ನನ್ನ ಚಿಗವ್ವನಿಗೆ. ಅವಳು ಮೆಟ್ರಿಕ್ ಓದುತ್ತಿದ್ದಳು. ಪಾಸಾದರೆ ಬೆಳಗಾವಿಯಲ್ಲಿ ಅಕ್ಕನ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತೇನೆ ಎಂದಿದ್ದಳು. ಅಜ್ಜ ಭಟ್ಟಿಯಿಂದ ಬಂದು ಅಂಗಳದ ಕಲ್ಲಿನ ಮೇಲೆ ಕಾಲಿನ ಜೇಡಿ ತೊಳೆದುಕೊಳ್ಳುತ್ತಿದ್ದ. ತಲೆ ಎತ್ತದೆಯೇ ಹೇಳಿದ:

"ಡಿಗ್ರಿ ಗಿಗ್ರಿ ನಮ್ಮ ಮನಿತನಕ್ಕ ಆಗೂ ಮಾತಲ್ಲ ಬಿಡವಾ. ಮೆಟ್ರಿಕ್ ಒಮ್ಮಿ ಕುಂದರು. ಪಾಸಾದ್ರ ಮುಂದಿಂದ ನೋಡೂಣು. ನಪಾಸಾದ್ರ ಹಟಾ ಮಾಡಬಾರದು, ಗಂಡ ನೋಡತೇನಿ."

ಚಿಗವ್ವ ಆಯ್ತು ಅಂದಳು. ನಕ್ಕೊಂತಲೇ ಅಂದಳು, ಯಾಕೆಂದರೆ ನಪಾಸಾಗುವ ಪ್ರಶ್ನೆಯೇ ಅವಳ ತಲೆಯಲ್ಲಿ ಇರಲಿಲ್ಲ. ಅಜ್ಜ ಆಡಿದ ಮಾತಿಗೆ ತಪ್ಪುವವನಲ್ಲ. ಮುಂದೆ ಅದೇ ತೊಂದರೆಯಾಯಿತು.

ನಮ್ಮ ಮನೆ ಬೆಳಗಾವಿಯ ಖಾಸಬಾಗದಲ್ಲಿತ್ತು. ಎರಡು ಖೋಲಿ, ಹಿಂದೆ ಬಚ್ಚಲು, ಮುಂದೆ ಐದಾರು ಮನೆಗಳಿಗೆ ಸೇರಿದ ಒಂದು ಅಂಗಳ. ಎದುರಿನವರು ಸೀರೆ ನೇಯುವವರು. ಬೆಳಗಿನಿಂದ ಮಗ್ಗದ ಸಪ್ಪಳ, ಅದು ನಿಂತರೆ ಯಾರಿಗೋ ಏನೋ ಆಗಿದೆ ಎಂದು ನಾವು ಹಣಿಕಿ ನೋಡುತ್ತಿದ್ದೆವು. ಅಪ್ಪ ಉದ್ಯಮಬಾಗದ ಕಡೆ ಒಂದು ಫೌಂಡ್ರಿಯಲ್ಲಿ ಅಚ್ಚು ಕಟ್ಟುತ್ತಿದ್ದ. ಸಂಜೆ ಅವನ ತಲೆಗೂದಲಿನಿಂದ ಕರಿ ಉಸುಕು ಉದುರುತ್ತಿತ್ತು. ಅಪ್ಪನ ತಾಯಿ, ನಮ್ಮ ಆಯಿ, ಅವನು ಸ್ನಾನ ಮಾಡದೆ ಒಳಗೆ ಬಂದರೆ ಲಿಂಗಪೂಜೆಯ ಮಣೆಯಿಂದಲೇ ಗದರಿಸುತ್ತಿದ್ದಳು. ಬಚ್ಚಲ ಬಾಗಿಲಿಗೆ ಒಂದು ಮೊಳೆ, ಮೊಳೆಗೆ ಒಂದು ಟುವಾಲ. ಮನೆಮಂದಿಗೆಲ್ಲ ಅದೇ. ಬೇರೆ ಬೇರೆ ಟುವಾಲ ಇಟ್ಟುಕೊಂಡವರನ್ನು ನಮ್ಮ ಅಂಗಳದಲ್ಲಿ ಹೊಂದಿಕೊಂಡು ಬಾಳದವರು ಎಂದು ತಿಳಿಯುತ್ತಿದ್ದರು. ಊಟಕ್ಕೆ ರೊಟ್ಟಿ, ಜುಣಕ, ಶೇಂಗಾ ಹಿಂಡಿ. ಸೋಮವಾರ ಅನ್ನ ಜಾಸ್ತಿ. ಚಿಗವ್ವ ರಜೆಗೆ ಬಂದಾಗ ಮಾತ್ರ ಊಟದ ಹೊತ್ತಿಗೆ ನಗೆ ಇರುತ್ತಿತ್ತು. ನನಗೆ ಮಗ್ಗಿ ಕಲಿಸಿದವಳು ಅವಳೇ, ಅದೂ ಬಾಜಾರಕ್ಕೆ ಹೋಗಿಬರುವ ದಾರಿಯಲ್ಲಿ, ಮೆಣಸಿನಕಾಯಿ ಗುಂಪಿ, ಬಳೆಯ ಡಜನು ತೋರಿಸಿ. ಹೊಸ ಹಾಸು ಹೂಡುವಾಗ ಎಳೆಗಳ ಲೆಕ್ಕ ತಪ್ಪಿದರೆ ಎದುರು ಮನೆಯ ನೇಕಾರರು ಅವಳನ್ನೇ ಕರೆಯುತ್ತಿದ್ದರು. ಅವಳು ಸೆರಗು ಸಿಕ್ಕಿಸಿಕೊಂಡು ಮಗ್ಗದ ಕುಣಿಯ ಬಾಜು ಕೂತು, ಬಾಯಲ್ಲೇ ಲೆಕ್ಕ ಹಾಕಿ ಹೇಳಿ ಎದ್ದು ಬರುತ್ತಿದ್ದಳು.

ಆ ವರ್ಷ ಬೇಸಿಗೆಯಲ್ಲಿ ಈರಣ್ಣ ಮಾವನ ಲಗ್ನ ಗೊತ್ತಾಯಿತು. ಅವನು ಅವ್ವ ಮತ್ತು ಚಿಗವ್ವನ ನಡುವಿನವನು. ಲಗ್ನವಾಗಿ ನಾಲ್ಕಾರು ದಿನಕ್ಕೆ ಚಿಗವ್ವನ ಪರೀಕ್ಷೆ. ಪರೀಕ್ಷೆಯ ಸಲುವಾಗಿ ಮುಹೂರ್ತ ಸರಿಸುವುದುಂಟೇ ಎಂದು ಅಜ್ಜ ನಕ್ಕ. ಚಿಗವ್ವನೂ ಹಟ ಹಿಡಿಯಲಿಲ್ಲ, ಓದಿದ್ದೆಲ್ಲ ಓದಿ ಆಗಿದೆ ಅಂದಳಂತೆ. ಖಾನಾಪುರದ ಅಮ್ಮ, ಅಂದರೆ ಅವ್ವನ ತಾಯಿ, ಮೊದಲೇ ತೀರಿಹೋಗಿದ್ದಳು. ಹಾಗಾಗಿ ಹಿರಿಯ ಮಗಳಾದ ಅವ್ವನೇ ತಾಯಿಯ ಜಾಗದಲ್ಲಿ ನಿಂತು ಎಲ್ಲ ಶಾಸ್ತ್ರ ಮಾಡಬೇಕು. ಕಳಸ ಹಿಡಿಯುವವಳು ನಾನು. ನನಗೆ ಹಸಿರು ಪರಕಾರ, ಕೆಂಪು ಪೋಲಕ ಹೊಲಿಸಿದ್ದರು. ಅದನ್ನು ಟ್ರಂಕಿನಿಂದ ತೆಗೆಸಿ ನೋಡಿ ಮತ್ತೆ ಇಡಿಸುವುದೇ ನನ್ನ ಕೆಲಸವಾಗಿತ್ತು.

ಹೊರಡುವ ಹಿಂದಿನ ದಿನ ಬೆಳಿಗ್ಗೆ ನನಗೆ ಕಣ್ಣು ತೆರೆಯಲಿಕ್ಕೆ ಬರಲಿಲ್ಲ. ರೆಪ್ಪೆ ಅಂಟಿಕೊಂಡಿದ್ದವು. ಅವ್ವ ಬಿಸಿನೀರಿನಲ್ಲಿ ಅರಳೆ ಅದ್ದಿ ಒರೆಸಿ ಬಿಡಿಸಿದಳು. ಓಣಿಯಲ್ಲಿ ಆಗಲೇ ಹಲವರಿಗೆ ಕೆಂಗಣ್ಣಿನ ಬೇನೆ ಹತ್ತಿ ಕಣ್ಣು ಬಂದಿದ್ದವು. ಎದುರು ಮನೆಯ ಬಾಣಂತಿಯನ್ನು ಕರೆದು ನನ್ನ ಕಣ್ಣಿಗೆ ಮೊಲೆಹಾಲು ಹಿಂಡಿಸಿದರು, ನಂದಿಬಟ್ಟಲ ಹೂವನ್ನು ನೀರಲ್ಲಿ ನೆನೆಸಿ ಇಟ್ಟರು. ಕಣ್ಣು ಬಂದವರ ಕಣ್ಣನ್ನು ಕಣ್ಣಿಟ್ಟು ನೋಡಿದರೆ ನೋಡಿದವರಿಗೂ ಬರುತ್ತದೆ ಎನ್ನುವುದು ನಮಗೆಲ್ಲ ಗೊತ್ತಿದ್ದ ಮಾತು. ಮಗ್ಗದ ಮನೆಯ ಹುಡುಗರನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿದ್ದರು. ಅವರನ್ನು ದಾಟಿ ಹೋಗುವವರು ನೆಲ ನೋಡುತ್ತ ಹೋಗುತ್ತಿದ್ದರು. ಅದೇ ಹುಡುಗರು ಒಂದೇ ಗಂಗಾಳದಲ್ಲಿ ಉಣ್ಣುತ್ತಿದ್ದರು, ಅದು ಯಾರಿಗೂ ಲೆಕ್ಕಕ್ಕಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಮನೆಯಲ್ಲಿ ವಾದ ಶುರುವಾಯಿತು. ನಾನು ಗೋಡೆಗೆ ಮುಖ ಮಾಡಿ ಕೂತು ಕೇಳುತ್ತಿದ್ದೆ. ಲಗ್ನದ ಮನೆಗೆ ಇಂಥ ಕೂಸನ್ನು ಒಯ್ಯಬಾರದು, ನನ್ನ ಹತ್ತಿರ ಬಿಟ್ಟು ನೀವಿಬ್ಬರೇ ಹೋಗಿ ಬರ್ರಿ ಎಂದು ಆಯಿ ನಿಧಾನವಾಗಿಯೇ ಹೇಳಿದಳು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಕೂಸಿಗೆ ಜ್ವರ ಇಲ್ಲ, ಕೆಮ್ಮು ಇಲ್ಲ, ಆಡುತ್ತದೆ, ಉಣ್ಣುತ್ತದೆ ಎಂದಳು. ಆಯಿಯ ದನಿ ಏರಿತು.

"ಹಂದರದಾಗ ಕುಂತವರಿಗೆಲ್ಲಾ ಹಂಚಿ ಬರತಿ ನೋಡು. ಊರ ಮಂದಿ ಉಂಡು ಹೋಗೂ ಮುಂದ ಅಕ್ಕಿಕಾಳಿನ ಜೋಡಿ ಕಣ್ಣೂ ಒಯ್ದಾರು."

"ಒಯ್ದ್ರ ಒಯ್ಯಲಿ ಅತ್ತಿ. ತಾಯಿ ಇಲ್ಲದ ಮನಿ ಲಗ್ನ ಅದು. ನನ್ನ ಮಗಳು ಇದ್ದಾಗ ಬ್ಯಾರೆಯವರ ಮಗಳ ಕೈಯಾಗ ಕಳಸಾ ಕೊಡ್ಲೇನು? ಕಣ್ಣು ಬಂದಾವ, ಹೋಗತಾವ. ಜೀವಾ ತಗೊಳ್ಳೂ ಬ್ಯಾನಿ ಅಲ್ಲ."

ಅವ್ವನ ಮಾತಿನಲ್ಲಿ ತಪ್ಪೇನಿತ್ತು? ನಾಲ್ಕು ದಿನಕ್ಕೆ ಹೋಗುವ ಬೇನೆ. ಜಗಳ ಬಿಡಿಸಲಿಕ್ಕೆ, ಊಟಕ್ಕೆಂದು ಮನೆಗೆ ಬಂದಿದ್ದ ಅಪ್ಪ ಒಂದು ಉಪಾಯ ಹುಡುಕಿದ. ನೋಡಿದರೆ ತಾನೇ ಬರುವುದು, ನೋಡದಂತೆ ಮಾಡಿದರಾಯಿತು ಎಂದ. ಸಂಜೆ ಫೌಂಡ್ರಿಯಿಂದ ಬರುವಾಗ ಕಾದ ಕಬ್ಬಿಣದ ಭಟ್ಟಿಯೊಳಗೆ ಹಣಿಕಿ ನೋಡಲಿಕ್ಕೆ ಹಾಕಿಕೊಳ್ಳುವ ಕನ್ನಡಕವನ್ನು ಮಿಸ್ತ್ರಿಗೆ ಹೇಳಿ ತಂದ. ದಪ್ಪ ನೀಲಿ ಗಾಜು, ಸುತ್ತ ಚರ್ಮದ ಅಂಚು, ಹಿಂದೆ ಪಟ್ಟಿ. ಪಟ್ಟಿ ನನ್ನ ತಲೆಗೆ ದೊಡ್ಡದಾಯಿತು. ಅವ್ವ ಜಡೆಯ ಕೆಳಗೆ ಎಳೆದು ಗಂಟು ಹಾಕಿದಳು. ಆಯಿಗೂ ಅದು ಒಪ್ಪಿಗೆಯಾಯಿತು. ಈಗ ಕಣ್ಣು ಯಾರಿಗೂ ಕಾಣುವುದಿಲ್ಲ ಎಂದು ಆಯಿಯೇ ನನ್ನ ಗದ್ದ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿ ಪರೀಕ್ಷೆ ಮಾಡಿದಳು. ನನಗೆ ಹಗಲೆಲ್ಲ ಬೆಳದಿಂಗಳಂತೆ ಕಾಣುತ್ತಿತ್ತು. ಹಸಿರು ಪರಕಾರ ಕಪ್ಪಾಗಿ ಕಂಡಿತು ಎನ್ನುವುದೊಂದೇ ನನ್ನ ದುಃಖ.

ಪ್ಯಾಸೆಂಜರ್ ಗಾಡಿಯಲ್ಲಿ ಖಾನಾಪುರಕ್ಕೆ ಹೋದೆವು. ಎದುರು ಕೂತ ಮರಾಠಿ ಮುದುಕಿ, "ಡೋಳೆ ಆಲೇತ ಕಾ ಬಾಳಾ?" ಕಣ್ಣು ಬಂದವೇ ಮಗೂ ಎಂದು ಕೇಳಿ ತನ್ನ ಗಂಟನ್ನು ಆಚೆ ಸರಿಸಿದಳು. ಆಮೇಲೆ ಮನಸ್ಸು ತಡೆಯದೆ ಮುಖ ಕಿಟಕಿಗೆ ತಿರುಗಿಸಿಕೊಂಡೇ ಒಂದು ಎಲೆಯಲ್ಲಿ ಕವಳಿಹಣ್ಣು ನನ್ನ ಕೈಗಿಟ್ಟಳು. ಲಗ್ನದ ಮನೆಯಲ್ಲಿ ನನ್ನನ್ನು ನೋಡಿ ಈರಣ್ಣ ಮಾವ, ಬಾರವಾ ಡ್ರೈವರಾ, ಎಂಜಿನ್ನು ಎಲ್ಲಿ ಬಿಟ್ಟು ಬಂದಿ ಅಂದ. ಎಲ್ಲರೂ ನಕ್ಕರು. ನಕ್ಕದ್ದರಿಂದ ಭಯವೂ ಹೋಯಿತು. ಬಂದವರಿಗೆಲ್ಲ ಅವ್ವ ತಾನೇ ಮುಂದಾಗಿ ಹೇಳಿದಳು: ಕಣ್ಣು ಬಂದಾವ, ಕನ್ನಡಕ ಹಾಕೇನಿ, ತಗ್ಯಾಕ ಬಿಡೂದಿಲ್ಲ. ಮುಚ್ಚಿಟ್ಟು ಕರೆದುಕೊಂಡು ಹೋದಳು ಎಂದು ಅವಳನ್ನು ಯಾರೂ ಅನ್ನುವಂತಿಲ್ಲ. ಚಿಗವ್ವ ಅಟ್ಟದ ಮೇಲೆ ಓದುತ್ತಿದ್ದವಳು ಕೆಳಗೆ ಬಂದು ನನ್ನನ್ನು ಎತ್ತಿಕೊಂಡಳು. ಲಗ್ನ ಮುಗಿಯುವವರೆಗೆ ನಾನು ಅವಳ ಸೊಂಟದ ಮೇಲಿಂದ ಇಳಿಯಲಿಲ್ಲ.

ನಮ್ಮ ಕಡೆ ಲಗ್ನಕ್ಕೆ ಮೊದಲು ಸುರಗಿ ಸುತ್ತುತ್ತಾರೆ. ಅಂಗಳದಲ್ಲಿ ನಾಲ್ಕು ಮೂಲೆಗೆ ನೀರು ತುಂಬಿದ ತಂಬಿಗೆ ಇಟ್ಟು, ಅವುಗಳ ಕೊರಳಿಗೆ ನೂಲು ಸುತ್ತಿ ಒಂದು ಚೌಕ ಮಾಡುತ್ತಾರೆ. ಆ ನೂಲಿನೊಳಗೆ ಮದುಮಗ, ಅವನ ಅಕ್ಕತಂಗಿಯರು, ಕಳಸದ ಹುಡುಗಿ ಒಟ್ಟಿಗೆ ಕೂತು ಅರಿಷಿಣ ಹಚ್ಚಿಸಿಕೊಂಡು ಒಟ್ಟಿಗೆ ನೀರು ಹಾಕಿಸಿಕೊಳ್ಳಬೇಕು. ಮೈಗೆ ಮೈ ತಾಗಬೇಕು, ಒಬ್ಬರ ಮೇಲಿನ ನೀರು ಇನ್ನೊಬ್ಬರ ಮೇಲೆ ಹರಿಯಬೇಕು, ಅದೇ ಅದರ ಮಂಗಳ. ಚಿಗವ್ವನ ತೊಡೆಯ ಮೇಲೆ ನಾನು ಕೂತೆ. ಚರ್ಮದ ಅಂಚು ನೀರಿಗೆ ಕೆಡುತ್ತದೆ, ಬೇರೆಯವರ ವಸ್ತು ಎಂದು ಅಪ್ಪ ನನ್ನ ಕನ್ನಡಕ ಬಿಚ್ಚಿ ಇಟ್ಟುಕೊಂಡ. ಅವ್ವ ಅರಿಷಿಣದ ಬಟ್ಟಲು ಹಿಡಿದುಕೊಂಡೇ ಬಾಗಿ ನನಗೆ ಹೇಳಿದಳು:

"ಕಣ್ಣು ಗಟ್ಟ್ಯಾಗಿ ಮುಚ್ಚಿಕೋ. ಯಾರನ್ನೂ ನೋಡಬ್ಯಾಡ."

ನಾನು ಯಾರನ್ನೂ ನೋಡಲಿಲ್ಲ. ಅರಿಷಿಣದ ನೀರು ಇಳಿದು ಕಣ್ಣು ಉರಿದವು. ತಿಕ್ಕಿಕೊಳ್ಳಲು ಹೋದರೆ ಚಿಗವ್ವ ನನ್ನ ಕೈ ಹಿಡಿದು, ತನ್ನ ಹಸಿ ಸೆರಗಿನಿಂದ ನನ್ನ ರೆಪ್ಪೆಗಳನ್ನು ಮೆತ್ತಗೆ ಒರೆಸಿದಳು. ಅದೇ ಸೆರಗಿನಿಂದ ತನ್ನ ಮುಖವನ್ನೂ ಒರೆಸಿಕೊಂಡಳು. ಇದನ್ನು ನಾನು ಕಂಡಿಲ್ಲ, ಎಷ್ಟೋ ವರ್ಷದ ಮೇಲೆ ಅವ್ವ ಹೇಳಿದ್ದು. ಆಮೇಲೆ ಒಂದು ಒಣ ಟುವಾಲ ಕೈಯಿಂದ ಕೈಗೆ ಎಲ್ಲರ ಮುಖ ದಾಟಿತು. ಮತ್ತೆ ನನಗೆ ಕನ್ನಡಕ ಕಟ್ಟಿದರು.

ಲಗ್ನ ಚೆನ್ನಾಗಿ ಆಯಿತು. ನಾನು ಕಳಸ ಹಿಡಿದೆ. ಬೀಗರ ಊರಿಗೆ ಹೋಗುವ ಹೊತ್ತಿಗೆ ಈರಣ್ಣ ಮಾವನ ಕಣ್ಣು ಕೆಂಡವಾಗಿದ್ದವು. ಮದುಮಗ ನನ್ನ ಭಟ್ಟಿಯ ಕನ್ನಡಕ ಕಟ್ಟಿಕೊಂಡು ಬೀಗರ ಊಟಕ್ಕೆ ಕೂತ ಎಂದು ಆ ಕಡೆಯವರು ಇವತ್ತಿಗೂ ನಗುತ್ತಾರೆ. ಮರುದಿನ ಚಿಗವ್ವನಿಗೆ ಬಂದವು. ಅವಳಿಗೆ ಬಂದದ್ದು ನನ್ನಂತೆ ಹಗುರಾಗಿ ಅಲ್ಲ. ರೆಪ್ಪೆ ಬಾತು, ಗಲ್ಲದವರೆಗೆ ಇಳಿದು, ಬೆಳಕು ಬಿದ್ದರೆ ಸೂಜಿ ಚುಚ್ಚಿದಂತಾಗುತ್ತಿತ್ತು. ಮೊದಲ ಪರೀಕ್ಷೆಗೆ ಅಜ್ಜನೇ ಅವಳ ಕೈಹಿಡಿದು ನಡೆಸಿಕೊಂಡು ಹೋದ. ಉಳಿದ ಹುಡುಗರಿಗೆ ತಾಗಬಾರದು ಎಂದು ಅವಳನ್ನು ಪಡಸಾಲೆಯ ತುದಿಗೆ ಒಂದು ಬೆಂಚು ಹಾಕಿ ಒಬ್ಬಳನ್ನೇ ಕೂರಿಸಿದರಂತೆ. ಅಲ್ಲಿ ಬಿಸಿಲು. ಪ್ರಶ್ನೆಪತ್ರಿಕೆಯನ್ನು ಮೂಗಿಗೆ ಹಿಡಿದು ಓದಿ, ನೀರು ಸೋರುವ ಕಣ್ಣಿನಿಂದ ಬರೆದಳು. ಬರೆದದ್ದರ ಮೇಲೆಯೇ ನೀರು ಬಿದ್ದು ಶಾಯಿ ಹರಿಯಿತು. ಗಣಿತದ ದಿನ ಎರಡೂ ಕಣ್ಣು ಪೂರ್ತಿ ಮುಚ್ಚಿಹೋಗಿದ್ದವು. ಹೇಗಾದರೂ ಹೋಗುತ್ತೇನೆ ಎಂದು ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದವಳನ್ನು ಅಜ್ಜ ತಡೆದ. ಕಣ್ಣೇ ಹೋದರೆ ಮೆಟ್ರಿಕ್ ತಗೊಂಡು ಏನು ಮಾಡುತ್ತಿ ಅಂದ. ಅವನು ಹೆದರಿದ್ದ. ಆ ಮಾತು ಸಿಟ್ಟಿನದಲ್ಲ, ಹೆದರಿಕೆಯದು ಎಂದು ಈಗ ನನಗೆ ತಿಳಿಯುತ್ತದೆ.

ಅವಳು ನಪಾಸಾದಳು. ಅಕ್ಟೋಬರಿನಲ್ಲಿ ಮತ್ತೆ ಕೂರಬಹುದಿತ್ತು. ಅವ್ವ ಖಾನಾಪುರಕ್ಕೆ ಹೋಗಿ ಅಜ್ಜನ ಮುಂದೆ ಅತ್ತಳು. ಕಾಲಿಗೂ ಬಿದ್ದಳು. ಅಜ್ಜನದು ಒಂದೇ ಮಾತು, ಒಮ್ಮಿ ಅಂದಿದ್ದೆ, ಒಮ್ಮಿ ಆತು. ದೀಪಾವಳಿಯೊಳಗೆ ಜಾಂಬೋಟಿ ಕಡೆಯ ಒಂದು ಒಕ್ಕಲು ಮನೆಗೆ ಅವಳನ್ನು ಕೊಟ್ಟರು. ಒಳ್ಳೆಯ ಮನೆ, ಒಳ್ಳೆಯ ಗಂಡ. ಅವಳ ಸುರಗಿಯಲ್ಲೂ ನಾನು ಕೂತಿದ್ದೆ, ನಿಚ್ಚಳ ಕಣ್ಣಿನಿಂದ.

ಕೆಲವು ವರ್ಷ ಅವ್ವನಿಗೆ ಒಂದು ಸಮಾಧಾನ ಇತ್ತು. ಕೂಸಿಗೆ ಕನ್ನಡಕ ಕಟ್ಟಿದ್ದೆ, ನೀರು ಹಾಕುವಾಗ ಕಣ್ಣು ಮುಚ್ಚಿಸಿದ್ದೆ, ಅದು ಯಾರನ್ನೂ ನೋಡಲಿಲ್ಲ, ಕಸ್ತೂರಿಯ ಹಣೆಬರಹ ಹಾಗಿತ್ತು ಎಂದು ಹೇಳಿಕೊಳ್ಳುತ್ತಿದ್ದಳು. ಹಬ್ಬಕ್ಕೆ, ಬಾಣಂತನಕ್ಕೆ ತಂಗಿಯ ಮನೆಗೆ ಹೋಗಿ ಬರುತ್ತಿದ್ದಳು. ನಾನು ದೊಡ್ಡ ಸಾಲಿಗೆ, ಅಂದರೆ ಹೈಸ್ಕೂಲಿಗೆ ಹೋಗುವಾಗ ನನಗೆ ಇನ್ನೊಮ್ಮೆ ಕಣ್ಣು ಬಂದವು. ಈ ಸಲ ಅವ್ವ ದವಾಖಾನೆಗೆ ಕರೆದುಕೊಂಡು ಹೋದಳು. ಹನಿ ಹಾಕಿದ ನರ್ಸಬಾಯಿ ನನ್ನ ಕಣ್ಣನ್ನು ಅಗಲಿಸಿ, ಒಂದು ಗೇಣಿನಿಂದ ದಿಟ್ಟಿಸಿ ನೋಡಿದಳು. ಅವ್ವನಿಗೆ ಗಾಬರಿಯಾಯಿತು.

"ಹಂಗ ನೋಡಬ್ಯಾಡ್ರಿ ಬಾಯಾರ, ನಿಮಗೂ ಬಂದಾವು."

"ನೋಡಿದ್ರ ಬರೂಹಂಗಿದ್ರ ನನಗ ದಿನಾ ಬರಬೇಕಿತ್ತವಾ. ನೋಡಿದ್ರ ಬರೂದಿಲ್ಲ. ಕೈಯಿಂದ, ಟುವಾಲದಿಂದ ಬರತಾವ. ಈಕಿ ಮಾರಿ ಒರಿಸಿದ ಅರಿವಿಯಿಂದ ಮತ್ತ್ಯಾರೂ ಒರಿಸಿಕೊಬ್ಯಾಡ್ರಿ, ಅಷ್ಟ."

ಅಂದು ಸಂಜೆ ಅವ್ವ ಒಂದು ಹಳೆಯ ಸೀರೆ ಹರಿದು ನಾಲ್ಕು ತುಂಡು ಮಾಡಿ, ಬಚ್ಚಲ ಬಾಗಿಲಿಗೆ ಮತ್ತೆ ಮೂರು ಮೊಳೆ ಹೊಡೆದಳು. ಏನಿದು ಹೊಸ ಸಂಸಾರ ಎಂದು ಆಯಿ ಕೇಳಿದರೆ, ಒಂದೊಂದು ಮೊಳೆಗೆ ಒಂದೊಂದು ತುಂಡು ಸಿಕ್ಕಿಸಿ ಒಳಗೆ ಹೋದಳು. ಅಂದಿನಿಂದ ಅವಳು ತಂಗಿಯ ಮನೆಗೆ ಹೋಗುವುದು ನಿಂತಿತು. ಮೊದಮೊದಲು ಮೈಯಲ್ಲಿ ಹುಷಾರಿಲ್ಲ ಅಂದಳು, ಆಮೇಲೆ ಜಾಂಬೋಟಿ ಬಸ್ಸಿನಲ್ಲಿ ವಾಂತಿಯಾಗುತ್ತದೆ ಅಂದಳು. ಚಿಗವ್ವನೇ ನಮ್ಮ ಮನೆಗೆ ಬಂದರೆ ಅವ್ವ ಒಲೆಯ ಮುಂದಿನಿಂದ ಏಳುತ್ತಿರಲಿಲ್ಲ. ಏನೇನೋ ಮಾಡಿ ಬಡಿಸುತ್ತಿದ್ದಳು, ಬಾಜು ಕೂತು ಮಾತ್ರ ಉಣ್ಣುತ್ತಿರಲಿಲ್ಲ.

ನನ್ನ ಓದಿನ ಮೇಲೆ ಅವಳು ಕಾವಲು ಕೂತದ್ದೂ ಆಗಿನಿಂದಲೇ. ಸಂಕ್ರಾಂತಿ ದಾಟಿತೆಂದರೆ ನನಗೆ ಲಗ್ನ ಇಲ್ಲ, ಕುಬಸ ಇಲ್ಲ, ತೊಟ್ಟಿಲು ಇಲ್ಲ. ಎಲ್ಲಿ ಯಾರ ಕೆಮ್ಮು, ಯಾರ ಕಣ್ಣು ಹತ್ತೀತೋ ಎಂದು ಬಾಗಿಲಲ್ಲೇ ತಡೆಯುತ್ತಿದ್ದಳು. ನಿನ್ನ ಮಗಳೇನು ಕಲೆಕ್ಟರ್ ಆಗುವವಳೇ, ನಮ್ಮ ಮನೆಯ ಅನ್ನ ಮುಟ್ಟಿದರೆ ಮೈಲಿಗೆಯೇ ಎಂದು ನೆಂಟರು ಚುಚ್ಚಿದರು. ಚಿಗವ್ವನ ಕಿರಿಯ ಮಗನ ತೊಟ್ಟಿಲಿಗೂ ಅವ್ವ ನನ್ನನ್ನು ಕಳಿಸಲಿಲ್ಲ, ತಾನೂ ಹೋಗಲಿಲ್ಲ. ಹೀಗೆ ಕಳೆದುಕೊಂಡ ಊಟ, ಹಾಡು, ನಗೆ ನನಗೆ ಮತ್ತೆ ಸಿಗಲಿಲ್ಲ. ಕರೆದುಕೊಂಡು ಹೋಗಿದ್ದಕ್ಕೆ ಒಬ್ಬಳ ಓದು ಹೋಯಿತು, ಕರೆದುಕೊಂಡು ಹೋಗದೆ ಇದ್ದದ್ದಕ್ಕೆ ಬಳಗವೇ ದೂರವಾಯಿತು. ಯಾವುದು ಸರಿ ಎಂದು ನನ್ನನ್ನು ಕೇಳಿದರೆ ಇಂದಿಗೂ ಗೊತ್ತಿಲ್ಲ. ಬಿ.ಕಾಂ. ಎರಡನೆಯ ವರ್ಷ ಇಂಗ್ಲಿಷಿನಲ್ಲಿ ನಾನು ನಪಾಸಾದೆ. ಗಂಡು ನೋಡಿ ಎಂದು ಅಪ್ಪನ ಕಡೆಯವರೆಲ್ಲ ಹೇಳಿದರು. ಅವ್ವ ಯಾರ ಮಾತನ್ನೂ ಕೇಳಿಸಿಕೊಳ್ಳಲಿಲ್ಲ, ಅಕ್ಟೋಬರಿಗೆ ನನ್ನನ್ನು ಮತ್ತೆ ಕೂರಿಸಿದಳು. ಪರೀಕ್ಷೆ ಮುಗಿಯುವವರೆಗೆ ಕಾಲೇಜಿನ ಗೇಟಿನ ಹೊರಗೆ ಚೀಲ ಹಿಡಿದು ಕೂತಿದ್ದಳು. ನನ್ನ ತಂಗಿಗೆ ಸಿಗದ ಅಕ್ಟೋಬರ್ ಇದು ಎಂದು ಅವಳು ಹೇಳಲಿಲ್ಲ. ಹೇಳುವ ಅಗತ್ಯ ಇರಲಿಲ್ಲ.

ಡಿಗ್ರಿ ಸರ್ಟಿಫಿಕೇಟು ಬಂದ ದಿನ ಅಪ್ಪ ಅದನ್ನು ಅಂಗಳದ ಮನೆಮನೆಗೂ ತೋರಿಸಿ ಬಂದ. ಮಗ್ಗ ನಿಂತವು. ಅವ್ವ ಒಗೆದ ಬಟ್ಟೆಯೊಂದರಲ್ಲಿ ಅದನ್ನು ಸುತ್ತಿ, ನಾಳೆ ಜಾಂಬೋಟಿಗೆ ಹೋಗಿ ಚಿಗವ್ವನ ಕೈಯಲ್ಲಿ ಕೊಟ್ಟು ಬಾ ಅಂದಳು. ನೀನೂ ಬಾ ಅಂದೆ. ಹಪ್ಪಳ ಒಣಗಿಸುವುದಿದೆ ಅಂದಳು.

ಚಿಗವ್ವ ಹಿತ್ತಲ ಬಾಗಿಲಲ್ಲಿ ಕೂತು ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ಸರ್ಟಿಫಿಕೇಟು ಅಂದ ಕೂಡಲೇ ಎದ್ದುಹೋಗಿ ಕೈ ತೊಳೆದು, ಒರೆಸಿ, ಕಟ್ಟೆಯ ಮೇಲೆ ಬಂದು ಕೂತು ಎರಡೂ ಕೈಯಲ್ಲಿ ಹಿಡಿದಳು. ಮೊದಲು ನನ್ನ ಹೆಸರು, ಆಮೇಲೆ ಅದರ ಮೇಲಿನ ಇಂಗ್ಲಿಷನ್ನೆಲ್ಲ ದೊಡ್ಡ ದನಿಯಲ್ಲಿ ಓದಿದಳು. ಎಲ್ಲಿಯೂ ತಡವರಿಸಲಿಲ್ಲ. ಓದಿ ಮುಗಿಸಿ, ಅಕ್ಕ ಯಾಕೆ ಬರಲಿಲ್ಲ ಎಂದು ಕೇಳಿದಳು. ಹಪ್ಪಳ ಒಣಗಿಸಲಿಕ್ಕೆ ಹಾಕಿದ್ದಾಳೆ ಅಂದೆ. ಅವಳು ತಲೆ ಎತ್ತಿ ಮೋಡ ಕವಿದ ಆಕಾಶ ನೋಡಿದಳು. ಸರ್ಟಿಫಿಕೇಟನ್ನು ಬಟ್ಟೆಯಲ್ಲಿ ಮೊದಲಿದ್ದಂತೆಯೇ ಸುತ್ತಿ ನನ್ನ ಕೈಗೆ ಕೊಟ್ಟಳು.

"ನಿಮ್ಮವ್ವಗ ಹೇಳು, ಕಸ್ತೂರಿ ಗಣಿತದಾಗ ಹೆಂಗಿದ್ರೂ ನಪಾಸ ಆಗತಿದ್ದಳಂತ. ಆಕಿನೇ ಬಾಯಿಬಿಟ್ಟು ಹೇಳ್ಯಾಳಂತ ಹೇಳು."

ನಾನು ಅವಳ ಮುಖವನ್ನೇ ನೋಡುತ್ತ ನಿಂತೆ.

"ಖರೇ ಅಲ್ಲ ಬಿಡವಾ," ಅಂದಳು ಚಿಗವ್ವ. "ಆದ್ರೂ ಹೇಳು."